ಕುರುಗೋಡಿನ ಹತ್ತಿರ ಆರುವ ಪರದೆ

ಕಾರಿನ ಕಪ್ಪು ಪರದೆಯಲ್ಲಿ ನಿಶಾತ್‌ಗೆ ಮೊದಲು ಕಂಡದ್ದು ತನ್ನದೇ ಮುಖ. ಅದರ ಪಕ್ಕದಲ್ಲಿ, ಅವಳನ್ನೇ ನೋಡುತ್ತಿದ್ದ ಇನ್ನೊಂದು ಮುಖ.

"ದಾರಿ ತೋರಸೋ ಸ್ಕ್ರೀನ್ ಅಂತ್ರಿ. ಹತ್ತವಲ್ದು," ಎಂದ ಡ್ರೈವರ್ ಆಸಿಂ.

"ಸ್ವಲ್ಪ ಸರೀರಿ. ಬೆಳಕಿಗೆ ಅಡ್ಡ ನಿಂತೀರಿ."

ಬಳ್ಳಾರಿಯಲ್ಲಿ ಅದಿರಿನ ದುಡ್ಡು ಹರಿಯುತ್ತಿದ್ದ ವರ್ಷಗಳವು. ಹೊಸ ಹೊಸ ವಿದೇಶಿ ಕಾರುಗಳ ಸಣ್ಣ ವೈರುಗಳು ಲಾಲಸಾಬರ ಮಂಜುಗಣ್ಣಿಗೆ ಕಾಣುತ್ತಿರಲಿಲ್ಲ. ಹಾಗಾಗಿ ಅವರ ಆಟೊ ಎಲೆಕ್ಟ್ರಿಕ್ ಅಂಗಡಿಯಲ್ಲಿ ಈಗ ಮಗಳು ನಿಶಾತಳದೇ ಕೈ.

ಫ್ಯೂಸ್ ಸುಟ್ಟಿತ್ತು. ಬದಲಿಸಿದಳು. ಪರದೆ ಬೆಳಗಿತು.

ನಾಲ್ಕು ದಿನಕ್ಕೆ ಆಸಿಂ ಮತ್ತೆ ಬಂದ. ಕುರುಗೋಡಿನ ಹತ್ತಿರ ಆರಿತಂತೆ. ಅದೇ ಫ್ಯೂಸ್! ಪರದೆ ಬಿಚ್ಚದೆ, ಕೈಗೆ ಸಿಕ್ಕ ವೈರು ತಡಕಿದರೆ ತಪ್ಪೇನೂ ಸಿಗಲಿಲ್ಲ. ಅವಳು ಕೆಲಸ ಮಾಡುವಾಗ ಅವನು ಚಹಾ ಕುಡಿಯುತ್ತ ತನ್ನೂರು ಸಿರುಗುಪ್ಪದ ಭತ್ತದ ಗದ್ದೆಗಳ ಬಗ್ಗೆ, ಸುಮ್ಮಸುಮ್ಮನೆ ಅಂಜುವ ತನ್ನ ತಾಯಿ ಶಾಹಜಾನಬಿಯ ಬಗ್ಗೆ ಹೇಳಿದ. ಅಂದಿನಿಂದ ಯಾವ ಕಾರು ನಿಂತರೂ ನಿಶಾತ್ ಕತ್ತೆತ್ತಿ ನೋಡತೊಡಗಿದಳು.

ಮೂರನೇ ಸಲ ಬಂದಾಗ ಮಾತ್ರ ಅವಳಿಗೆ ಅನುಮಾನ ಬಂತು. ನನ್ನ ಕೆಲಸ ಇಷ್ಟು ಕಚ್ಚಾ ಅಲ್ಲ... ಹಾಗಾದರೆ?

"ಸುಟ್ಟ ಫ್ಯೂಸ್ ನೀವ ಹಾಕ್ಕೊಂಡು ಬರ್ತೀರೇನು? ಇಲ್ಲಿ ಕುಂದ್ರಾಕ ನೆಪ ಬೇಕಂತ?"

ಆಸಿಂನ ಮುಖ ಬಾಡಿತು.

"ಶುಕ್ರವಾರದೊಳಗ ಇದು ಹತ್ತದಿದ್ರ ಕಾರಿನ ಸಾವ್ಕಾರ್ರು ಬ್ಯಾರೆ ಡ್ರೈವರ್‌ನ ನೋಡ್ತಾರ. ನೆಪಕ್ಕಂತ ಯಾರಾದ್ರೂ ಅನ್ನ ಕಳಕೊಂತಾರೇನ್ರಿ?"

ಅಂದು ಬುಧವಾರ. ನಿಶಾತ್‌ಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಹೊಸ ಫ್ಯೂಸ್ ಹಾಕಿ, ಅಬ್ಬಾ ಲಾಲಸಾಬರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ತಾನು ಪರದೆಯ ಮುಂದೆ ಕೂತಳು. ಆರುವುದನ್ನು ಕಣ್ಣಾರೆ ನೋಡಲೇಬೇಕು.

ಕುರುಗೋಡಿನ ಹತ್ತಿರ ಲಾರಿಗಳು ತೋಡಿದ ದೊಡ್ಡ ಗುಂಡಿ. ಕಾರು ಕುಲುಕಿತು. ಪರದೆಯ ಹಿಂದೆ 'ಟಿಣ್' ಎಂದು ಸಣ್ಣ ಸದ್ದು... ಪರದೆ ಆರಿತು.

"ನಿಲ್ಲಸ್ರಿ!"

ಪರದೆ ಬಿಚ್ಚಿ ನೋಡಿದಳು. ಪಕ್ಕದ ಎಸಿ ಗಾಳಿಕಿಂಡಿಯ ಪಟ್ಟಿಗೆ ಕಟ್ಟಿದ ಕರಿದಾರದಲ್ಲಿ ಒಂದು ತಗಡಿನ ತಾಯಿತ ಒಳಗೆ ಜೋತಾಡುತ್ತಿತ್ತು. ಅದರ ಎದುರಿಗೇ ಸಿಪ್ಪೆ ಬಿರಿದ ವೈರು. ನಿಂತ ಕಾರಿನಲ್ಲಿ ಅವೆರಡೂ ತಾಕುತ್ತಿರಲಿಲ್ಲ; ಕುಲುಕಿದಾಗ ತಗಡು ವೈರಿಗೂ ಪಕ್ಕದ ಕಬ್ಬಿಣಕ್ಕೂ ಒಟ್ಟಿಗೆ ಬಡಿದು ಫ್ಯೂಸ್ ಸುಡುತ್ತಿತ್ತು.

ಆಸಿಂ ತಾಯಿತದ ಗುರುತು ಹಿಡಿದ. ಲಾರಿಗಳ ದಾರಿ, ಕೊರಳಿಗೆ ಕಟ್ಟಿಕೋ ಎಂದು ತಾಯಿ ಹಿಂದೆ ಬಿದ್ದಿದ್ದಳಂತೆ. ಇವನು ಒಲ್ಲೆ ಎಂದಿದ್ದ. ಅವಳು ಸದ್ದಿಲ್ಲದೆ ಕಾರಿಗೇ ಕಟ್ಟಿದ್ದಳು.

ನಿಶಾತ್ ನಗಲಿಲ್ಲ. ವೈರಿಗೆ ಟೇಪು ಸುತ್ತಿ, ಫ್ಯೂಸ್ ಹಾಕಿ, ಅದೇ ಗುಂಡಿಯಲ್ಲಿ ಎರಡು ಸಲ ಕಾರು ಇಳಿಸಿ ಹತ್ತಿಸಿದಳು. ಪರದೆ ಆರಲಿಲ್ಲ. ತಾಯಿತವನ್ನು ದುಪಟ್ಟಾದಲ್ಲಿ ಒರೆಸಿ ಅವನ ಅಂಗೈಯಲ್ಲಿಟ್ಟಳು.

"ಕೊರಳಿಗೆ ಕಟ್ಕೋರಿ. ನಿಮ್ಮ ಅಮ್ಮಾಗ ನಿದ್ದಿ ಬರ್ಲಿ... ನಾ ಹಂಗ ಅನ್ನಬಾರದಿತ್ತು."

"ಫ್ಯೂಸ್ ನಾ ಸುಟ್ಟಿಲ್ರಿ. ಆದ್ರ..." ಆಸಿಂ ದಾರವನ್ನು ಬೆರಳಿಗೆ ಸುತ್ತಿದ. "ಸಿರುಗುಪ್ಪದಾಗೂ ಎಲೆಕ್ಟ್ರಿಷಿಯನ್ ಅದಾರ."

ನಿಶಾತಳ ಕಿವಿ ಬೆಚ್ಚಗಾಯಿತು.

"ಇನ್ನ ಇದು ಕೆಡಂಗಿಲ್ಲ," ಎಂದ ಅವನು ಮೆಲ್ಲಗೆ. "ಏನಂತ ಬರ್ಲಿ?"

"ತಾಯಿತ ಸಿಕ್ಕೈತಿ ಅಂತ ಅಮ್ಮಾಗ ಹೇಳ್ರಿ. ಹೇಳಿ... ಕರ್ಕೊಂಡು ಬರ್ರಿ."

ಹಿಂದಿನ ಸೀಟಿನಲ್ಲಿ ನಿದ್ದೆಹೋಗಿದ್ದಾರೆಂದು ಇಬ್ಬರೂ ಅಂದುಕೊಂಡಿದ್ದ ಲಾಲಸಾಬರು ಕಣ್ಣು ತೆರೆಯದೆಯೇ ಹೇಳಿದರು:

"ಐತವಾರ ಬರ್ರಿ. ಅವತ್ತು ನಾ ಮನಿಯಾಗ ಇರ್ತೀನಿ."