ಎಡೆಯಲ್ಲಿ ನನ್ನ ಫೋಟೋ

ನನ್ನ ಫೋಟೋಗೆ ಸೇವಂತಿಗೆ ಹಾರ ಹಾಕಿ, ಮುಂದೆ ಊದುಬತ್ತಿ ಹಚ್ಚಿಟ್ಟಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಬದುಕಿರುವ ಯಾವ ಮನುಷ್ಯನಿಗೂ ಆ ಭಾಗ್ಯ ಬೇಡ ಸ್ವಾಮಿ!

ತೊಂಬತ್ತಾರನೇ ಇಸವಿಯ ಮಹಾಲಯ ಅಮಾವಾಸ್ಯೆ ಅದು. ನಾನಾಗ ನಾಗಮಂಗಲದಲ್ಲಿ ಪಶು ಆಸ್ಪತ್ರೆಯ ಕಾಂಪೌಂಡರ್. ಸುತ್ತಲ ಹಳ್ಳಿಗಳಲ್ಲಿ ದನಗಳಿಗೆ ಕಾಲುಬಾಯಿ ಜ್ವರ ಎದ್ದಿತ್ತು, ರಜೆಯ ಮಾತೇ ಇರಲಿಲ್ಲ. "ಹಬ್ಬಕ್ಕೆ ಬರಾಕಾಗಲ್ಲ, ಎಡೆ ನೀವೇ ಇಟ್ಬುಡಿ" ಅಂತ ಊರಿಗೆ ಹೇಳಿ ಕಳಿಸಿದ್ದೆ. ಆದರೆ ಅಮಾವಾಸ್ಯೆ ದಿನ ಬೆಳಿಗ್ಗೆ ನಮ್ಮ ಡಾಕ್ಟರಿಗೆ ಅದೇನು ಕರುಣೆ ಹುಟ್ಟಿತೋ, "ಅಪ್ಪನಿಗೆ ಎಡೆ ಇಡಬೇಕಲ್ಲಯ್ಯ, ಹೋಗಿ ಬಾ" ಅಂದರು. ಸಿಕ್ಕಿದ ಬಸ್ಸು ಹತ್ತಿದೆ. ಕೆ.ಆರ್. ಪೇಟೆಯಲ್ಲಿ ಇಳಿದು, ಹೇಮಗಿರಿ ಕಡೆಯ ಟೆಂಪೋ ಹಿಡಿದು, ಗದ್ದೆ ಬದುವಿನ ಮೇಲೆ ಓಡೋಡಿ ಊರು ಸೇರಿದೆ.

ತೀರಿಹೋದ ಅಪ್ಪನಿಗಾಗಿಯೇ ಓಡಿದೆ ಅಂದರೆ ಅರ್ಧ ಸುಳ್ಳು. ಮನೆಯಲ್ಲಿ ಐನೊ ಇದ್ದಳು.

ಐನೊ ಫಿನ್ಲೆಂಡಿನವಳು. ಆ ದೇಶ ಎಲ್ಲಿದೆ ಅಂತ ನಾನು ಹೈಸ್ಕೂಲಿನ ಗ್ಲೋಬು ತಿರುಗಿಸಿ ತಿಳಿದುಕೊಂಡೆ. ಅಲ್ಲಿ ಅವಳಪ್ಪನಿಗೆ ನಲವತ್ತು ಹಸು. ಹೈನುಗಾರಿಕೆ ಓದುತ್ತಿದ್ದ ಅವಳನ್ನು ಮೈಸೂರಿನ ಒಂದು ಸಂಸ್ಥೆಯವರು ಆರು ತಿಂಗಳ ಮಟ್ಟಿಗೆ ನಮ್ಮ ಮನೆಯಲ್ಲಿ ಬಿಟ್ಟಿದ್ದರು. ನಾವು ತಿನ್ನುವುದನ್ನೇ ತಿಂದು, ನಮ್ಮ ಹಬ್ಬಗಳನ್ನೇ ಮಾಡಿಕೊಂಡು, ಮನೆಮಗಳ ಹಾಗೆ ಇರಬೇಕು ಅಂತ. ಕನ್ನಡವನ್ನು ನಮ್ಮಜ್ಜಿ ದ್ಯಾವಮ್ಮನಿಂದ ಕಲಿತಳು. ಹಾಗಾಗಿ ಇಪ್ಪತ್ತಮೂರು ವರ್ಷದ ಆ ಬಿಳಿ ಹುಡುಗಿ ಥೇಟ್ ನಮ್ಮೂರ ಮುದುಕಿಯರಂತೆ ಮಾತಾಡುತ್ತಿದ್ದಳು.

ನಾನು ವಾರಕ್ಕೊಮ್ಮೆ ಊರಿಗೆ ಬಂದಾಗ ಅವಳು ಎಮ್ಮೆಯ ಹೊಟ್ಟೆಗೆ ತಲೆ ಆನಿಸಿ ಹಾಲು ಕರೆಯುತ್ತಿರುತ್ತಿದ್ದಳು. ತಲೆ ಎತ್ತುತ್ತಿರಲಿಲ್ಲ. ಕಣ್ಣು ಮಾತ್ರ ಓರೆಯಾಗಿ ನನ್ನ ಚಪ್ಪಲಿಯಿಂದ ಶುರುವಾಗಿ ಮೆಲ್ಲಗೆ ಮೇಲಕ್ಕೆ ಬರುತ್ತಿತ್ತು.

"ಏನ್ ಡಾಕ್ಟ್ರೇ, ಚೆಂದಾಕಿದ್ದೀರಾ?"

"ನಾನು ಡಾಕ್ಟ್ರಲ್ಲ ಕಣೇ, ಕಾಂಪೌಂಡರ್."

"ಎಮ್ಮೆಗೆ ಗೊತ್ತಾಗಲ್ಲ ಬುಡು" ಅಂತ ನಗುತ್ತಿದ್ದಳು.

ಆ ನಗೆಯನ್ನು ನೋಡುತ್ತಾ ನಿಂತು ನಾನು ಒಮ್ಮೆ ಗಂಜಲದ ಗುಂಡಿಗೆ ಕಾಲಿಟ್ಟದ್ದೂ ಇದೆ. ಇಷ್ಟಾದರೂ ಬಾಯಿಬಿಟ್ಟು ಒಂದು ಮಾತು ಹೇಳಿರಲಿಲ್ಲ. ಇನ್ನೆರಡು ತಿಂಗಳಿಗೆ ವಿಮಾನ ಹತ್ತುವವಳಿಗೆ ಏನಂತ ಹೇಳಲಿ?

ಅವತ್ತು ಹಿತ್ತಲಿನಿಂದ ಬಂದೆ. ಕಾಲು ತೊಳೆದು ಹಿಂಬಾಗಿಲು ತಳ್ಳಿದರೆ ಒಳಗೆ ಒಂದು ನರಪಿಳ್ಳೆ ಇಲ್ಲ. ಎಡೆ ಇಟ್ಟಾಗಿದೆ, ಹಿರಿಯರು ಬಂದು ಊಟ ಮಾಡಲಿ ಅಂತ ಮುಂಬಾಗಿಲು ಎಳೆದುಕೊಂಡು ಎಲ್ಲರೂ ಜಗಲಿಯಲ್ಲಿ ಕೂತಿದ್ದಾರೆ ಅಂತ ಗೊತ್ತಾಯಿತು. ಆ ಹೊತ್ತಿನಲ್ಲಿ ಬದುಕಿರುವವರು ಒಳಗಿರುವ ಹಾಗಿಲ್ಲ. ಅಪ್ಪನ ಫೋಟೋಗೆ ಒಂದು ಸಲ ಕೈ ಮುಗಿದು ಬಂದಹಾಗೇ ಹೊರಟುಬಿಡೋಣ ಅಂತ ನಡುಮನೆಗೆ ಇಣುಕಿದೆ.

ತಾತನ ಫೋಟೋ ಇತ್ತು. ಮುಂದೆ ಬಾಳೆ ಎಲೆಯಲ್ಲಿ ಮುದ್ದೆ, ಮಾಂಸದ ಸಾರು, ಒಂದು ಕಟ್ಟು ಬೀಡಿ. ಪಕ್ಕದಲ್ಲಿ ಅಪ್ಪನ ಫೋಟೋ, ಹೊಸ ಪಂಚೆ, ಕಜ್ಜಾಯ. ಅಪ್ಪನ ಪಕ್ಕದಲ್ಲಿ ನಾನು.

ನಾನೇ. ಅದೇ ಕ್ರಾಪು, ಅದೇ ಚೌಕುಳಿ ಷರ್ಟು. ಹಣೆಗೆ ಕುಂಕುಮ, ಕೊರಳಿಗೆ ಹಾರ. ಮುಂದಿನ ಎಲೆಯಲ್ಲಿ ನನಗಿಷ್ಟದ ಬೇಯಿಸಿದ ಕಡಲೆಕಾಯಿ, ಒಂದು ಲೋಟ ಕಾಫಿ. ಕಾಫಿಯಿಂದ ಇನ್ನೂ ಹಬೆ ಏಳುತ್ತಿತ್ತು. ಗೋಡೆ ಹಿಡಿದುಕೊಂಡೆ. ದಾರಿಯಲ್ಲಿ ನಮ್ಮ ಬಸ್ಸು ಒಂದು ಲಾರಿಗೆ ಉಜ್ಜಿಕೊಂಡು ಹೋಗಿತ್ತು. ಉಜ್ಜಿಕೊಂಡಿದ್ದಷ್ಟೇನಾ? ಅಲ್ಲೇ ಸತ್ತುಹೋಗಿ, ಗೊತ್ತಿಲ್ಲದೆ ಊಟಕ್ಕೆ ಬಂದಿದ್ದೀನಾ? ನಗಬೇಡಿ, ಆ ಕ್ಷಣದಲ್ಲಿ ನನಗೆ ನಿಜವಾಗಿಯೂ ಅನುಮಾನ ಬಂತು.

ಅಷ್ಟರಲ್ಲಿ ಹೊರಗಿನಿಂದ ಮೂರು ಸಲ ಬಾಗಿಲು ತಟ್ಟಿದರು. ಬಾಗಿಲು ತೆರೆಯಿತು.

ಮುಂದೆ ನಮ್ಮವ್ವ ಪುಟ್ಟಗೌರಮ್ಮ, ಕೈಯಲ್ಲಿ ನೀರಿನ ಚೊಂಬು. ಅವಳು ಮೊದಲು ಫೋಟೋ ನೋಡಿದಳು, ಆಮೇಲೆ ಪಕ್ಕದಲ್ಲಿ ನಿಂತ ನನ್ನನ್ನು ನೋಡಿದಳು. ಚೊಂಬು ಠಣ್ಣಂತ ಬಿತ್ತು. ಅವ್ವ ಕಿಟಾರನೆ ಕಿರುಚಿದ ಸದ್ದಿಗೆ ಕೊಟ್ಟಿಗೆಯ ಎಮ್ಮೆ ಹಗ್ಗ ಕಿತ್ತುಕೊಂಡಿತು.

ಹಿಂದಿದ್ದ ಅಜ್ಜಿ ಕಿರುಚಲಿಲ್ಲ. ಹೊಸ್ತಿಲಲ್ಲೇ ಕುಸಿದು ಕೂತು ಎರಡೂ ಕೈ ಮುಗಿದಳು. "ಬಂದ್ಯಾ ನನ್ ಕಂದಾ... ಯಾವಾಗ್ ಓದ್ಯಪ್ಪ? ನಮ್ಗೆ ಯಾರೂ ಏಳ್ನೇ ಇಲ್ವಲ್ಲೋ!"

"ಅಜ್ಜಿ, ನಾನು ಸತ್ತಿಲ್ಲ ಕಣಜ್ಜಿ!"

"ಎಲ್ರೂ ಅಂಗೇ ಅಂತಾರೆ ಮಗ, ಉಂಡ್ಕಂಡ್ ಓಗು."

ಅಷ್ಟರಲ್ಲಿ ಇಬ್ಬರ ಮಧ್ಯೆ ತೂರಿಕೊಂಡು ಐನೊ ಬಂದಳು. ಹಸಿರು ಸೀರೆ, ಜಡೆಗೆ ಸೇವಂತಿಗೆ. ಹೆದರಿಕೆಯ ಸುಳಿವೇ ಇಲ್ಲ, ಮುಖ ಊರಗಲ ಅರಳಿತ್ತು. "ಚಿಕ್ಕಸ್ವಾಮೀ! ಬಂದ್ಬುಟ್ಯಾ! ನಾ ಕರ್ದಿದ್ದು ಕೇಳಿಸ್ತಾ?"

ಅವ್ವ ಬಂದು ನನ್ನ ಕೆನ್ನೆ, ತೋಳು, ಎದೆ ಎಲ್ಲ ಮುಟ್ಟಿ ನೋಡಿದಳು. ಬಿಸಿ ಇದೆ, ಬೆವರಿದೆ ಅಂತ ಖಾತ್ರಿಯಾದ ಮೇಲೆ ಮೆಲ್ಲಗೆ ಐನೊ ಕಡೆ ತಿರುಗಿದಳು.

"ನೀನೇನೇ ಇದನ್ನ ಇಟ್ಟಿದ್ದು?"

ಇಟ್ಟವಳು ಅವಳೇ. ಊದುಬತ್ತಿ ಹಚ್ಚಿ ಬರುತ್ತೇನೆ ಅಂತ ಕೊನೆಯವಳಾಗಿ ಒಳಗೆ ಉಳಿದಿದ್ದಳು. ಅವ್ವ ನೋಡದೆ ಬಾಗಿಲು ಎಳೆದುಕೊಂಡಿದ್ದಳು. "ನಮ್ಮನೇಲಿ ಕ್ರಿಸ್‌ಮಸ್ ದಿನ ಹಿಂಗೇ ಮಾಡ್ತೀವಿ ಅವ್ವ" ಅಂದಳು ಐನೊ. "ಸತ್ತೋಗಿರೋ ನಮ್ಮಜ್ಜಿಗೆ ಒಂದ್ ತಟ್ಟೆ ಇಡ್ತೀವಿ. ನಮ್ಮಣ್ಣ ಹಡಗಲ್ಲಿ ಕೆಲ್ಸ ಮಾಡ್ತಾನೆ, ಬರಕ್ಕಾಗಲ್ಲ, ಅವನಿಗೂ ಒಂದ್ ತಟ್ಟೆ. ಊಟಕ್ಕೆ ಬರಕ್ಕಾಗದೋರಿಗೆಲ್ಲ ಇಡ್ತೀವಿ. ಇವ್ನೂ ಬರಕ್ಕಾಗಲ್ಲ ಅಂದಿದ್ನಲ್ಲ, ಅದಕ್ಕೇ..." ಅವ್ವನ ಮುಖ ನೋಡಿ ಅವಳ ಮಾತು ನಿಂತಿತು. "ತಪ್ಪಾಯ್ತಾ?"

"ನಾಕು ವರ್ಷದಿಂದ ಗಂಡನ ಫೋಟೋಗೆ ನನ್ ಕೈಯ್ಯಾರೆ ಕುಂಕುಮ ಇಡ್ತಾವ್ನಿ" ಅಂದಳು ಅವ್ವ. "ಇರೋನೊಬ್ಬ ಮಗ. ಅವನ್ನೂ ಪಕ್ಕದಲ್ಲಿ ಕೂರಿಸ್ಬುಟ್ಯಲ್ಲೇ ತಾಯಿ!"

ಐನೊಗೆ ಆಗ ಅರ್ಥವಾಯಿತು. ಮುಖ ಸುಣ್ಣದಂತೆ ಬೆಳ್ಳಗಾಯಿತು. ಓಡಿಹೋಗಿ ಫೋಟೋ ಎತ್ತಿಕೊಂಡು, ಸೆರಗಿನಿಂದ ಕುಂಕುಮ ಒರೆಸತೊಡಗಿದಳು.

ಅವ್ವನಿಗೆ ಇನ್ನೊಂದು ಹೊಳೆದದ್ದು ಆಮೇಲೆ. "ಅಲ್ಲ, ಇವನ ಫೋಟೋ ನಿನ್ ತಾವ್ ಯಾಕಿತ್ತು?"

ಐನೊ ತಲೆ ತಗ್ಗಿಸಿದಳು. ಕಿವಿಯ ತುದಿ ಕೆಂಪಾಯಿತು. ಹೋದ ತಿಂಗಳು ಎಲ್ಲರೂ ಕರಿಘಟ್ಟದ ಬೆಟ್ಟಕ್ಕೆ ಹೋಗಿದ್ದಾಗ ಮೆಟ್ಟಿಲ ಮೇಲೆ ಅವಳು ದೇವಸ್ಥಾನದ ಫೋಟೋ ತೆಗೆಯುತ್ತಿದ್ದಾಳೆ ಅಂತ ನಾನು ಅಂದುಕೊಂಡಿದ್ದೆ!

ಅವ್ವ ತೀರ್ಪು ಕೊಟ್ಟಳು. ನಾಳೆ ಹತ್ತು ಗಂಟೆ ಬಸ್ಸಿಗೆ ಈ ಹುಡುಗಿ ಮೈಸೂರಿಗೆ ಹೊರಡಬೇಕು. ಅಜ್ಜಿಯದು ಬೇರೆ ತೀರ್ಪು. ಅವಳ ತವರು ಪಾಂಡವಪುರದ ಕಡೆ. ಅಲ್ಲಿ ಸತ್ತನೆಂದು ತಿಥಿ ಮಾಡಿಸಿಕೊಂಡ ಒಬ್ಬ ವರ್ಷದ ಮೇಲೆ ತಿರುಗಿ ಬಂದಿದ್ದನಂತೆ. ಅವನನ್ನು ಒಂದು ರಾತ್ರಿ ಹೊರಗಿಟ್ಟು, ಬೆಳಿಗ್ಗೆ ಅರಿಶಿನದ ನೀರು ಹುಯ್ದು, ಎಡೆ ಇಟ್ಟವರೇ ಹೊಸ್ತಿಲ ಒಳಗೆ ನಿಂತು ಮೂರು ಸಲ ಕರೆದ ಮೇಲೆ ಒಳಗೆ ಬಿಟ್ಟುಕೊಂಡರಂತೆ. "ಅಲ್ಲೀಗಂಟ ಇವ್ನು ಸತ್ತೋನೇಯ" ಅಂದಳು. ನನ್ನನ್ನು ಕೊಟ್ಟಿಗೆಗೆ ಅಟ್ಟಿದರು.

ದೀಪ ಹಚ್ಚುವ ಹೊತ್ತಿಗೆ ಐನೊ ತಟ್ಟೆಯಲ್ಲಿ ಊಟ ತಂದಳು. ಮುಟ್ಟುವ ಹಾಗಿಲ್ಲವಲ್ಲ, ನೆಲದ ಮೇಲಿಟ್ಟು ಕೋಲಿನಿಂದ ನನ್ನ ಕಡೆ ತಳ್ಳಿದಳು.

"ನಾಯಿಗೂ ಇಷ್ಟು ದೂರದಿಂದ ಹಾಕಲ್ಲ ಕಣೇ."

ಅವಳು ನಗಲಿಲ್ಲ. ಅತ್ತೂ ಅತ್ತೂ ಕಣ್ಣು ಊದಿತ್ತು. "ಅವ್ವ ನನ್ನ ಮುಖ ನೋಡ್ತಿಲ್ಲ. ಬ್ಯಾಗ್ ಕಟ್ಟಿದೀನಿ."

"ಐನೊ..."

"ಏನು?"

ಎರಡು ಗಜ ದೂರದಲ್ಲಿ ನಿಂತು ನೋಡುತ್ತಿದ್ದಳು. ಆ ತಿಳಿನೀಲಿ ಕಣ್ಣು ನನ್ನ ತುಟಿಯ ಮೇಲೇ ನಿಂತಿತ್ತು, ಅಲ್ಲಿಂದ ಏನು ಹೊರಡುತ್ತದೋ ಅಂತ. ಹೇಳೋ ಹೇಳೋ ಅಂತ ಒಳಗೊಳಗೇ ಬೈದುಕೊಂಡೆ.

"ಸಾರು ಚೆನ್ನಾಗೈತೆ" ಅಂದೆ.

ಅವಳು ಕೋಲನ್ನು ಅಲ್ಲೇ ಬಿಸಾಕಿ ಒಳಗೆ ಹೋದಳು. ನಾನು ನನ್ನ ತಲೆಯನ್ನು ಎಮ್ಮೆ ಮೇವಿನ ಗೊಂತಿಗೆ ಚಚ್ಚಿಕೊಳ್ಳುವುದೊಂದು ಬಾಕಿ.

ಬೆಳಿಗ್ಗೆ ಎಂಟಕ್ಕೆ ಬೀದಿಯೆಲ್ಲ ನಮ್ಮ ಮನೆ ಮುಂದೆ. ಸತ್ತವನು ತಿರುಗಿ ಬರುವುದನ್ನು ನೋಡದೆ ಯಾರು ಬಿಡುತ್ತಾರೆ? ಪಕ್ಕದ ಮನೆ ಮಾಯಮ್ಮ ಮಣೆ ತಂದು ಹಾಕಿಕೊಂಡೇ ಕೂತಿದ್ದಳು. ಅಜ್ಜಿ ನನ್ನ ತಲೆ ಮೇಲೆ ಅರಿಶಿನದ ನೀರು ಹುಯ್ದಳು. ಐನೊ ಹೊಸ್ತಿಲ ಒಳಗೆ ನಿಂತಳು. ಅವಳ ಹಿಂದೆ ಅವ್ವ, ಅವ್ವನ ಹಿಂದೆ ಆ ದೊಡ್ಡ ಬ್ಯಾಗು.

"ಅವನ್ನ ಕರಿಯವ್ವ" ಅಂದಳು ಅಜ್ಜಿ ಐನೊಗೆ.

"ಚಿಕ್ಕಸ್ವಾಮೀ, ಮನೇಗ್ ಬಾ."

ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ನನ್ನ ಕಣ್ಣು ಬ್ಯಾಗಿನ ಮೇಲಿತ್ತು.

"ಚಿಕ್ಕಸ್ವಾಮೀ, ಮನೇಗ್ ಬಾ." ಎರಡನೇ ಸಲ ಅವಳ ದನಿ ಒಡೆಯಿತು.

ಮೂರನೆಯದು ಕರೆದರೆ ನಾನು ಒಳಗೆ, ಅವಳು ಹೊರಗೆ. ಅದು ಹೊಳೆದದ್ದೇ, ನನ್ನ ಬಾಯಿಂದ ಮಾತು ತಾನಾಗಿ ಹೊರಟಿತು.

"ನಾನ್ ಬರಲ್ಲ."

ಎಲ್ಲರೂ ಬೆಚ್ಚಿಬಿದ್ದರು. ನಾನೂ ಬೆಚ್ಚಿಬಿದ್ದೆ.

"ಏನ್ಲಾ ಅಂದೆ?" ಅವ್ವ ಮುಂದೆ ಬಂದಳು.

"ಅವಳು ಹತ್ತು ಗಂಟೆ ಬಸ್ಸಿಗೆ ಹೋಗೋದಾದ್ರೆ ನಾನು ಒಳಕ್ ಬರಾಕಿಲ್ಲ ಕಣವ್ವ. ಸತ್ತೋನಾಗೇ ಇದ್ಬುಡ್ತೀನಿ."

"ಬುಡ್ತು ಅನ್ಲಾ! ಬುಡ್ತು ಅನ್ನು!"

"ಅನ್ನಲ್ಲ. ನಂಗೆ ಅವಳು ಬೇಕು. ಅವಳನ್ನೇ ಮದುವೆ ಆಗ್ತೀನಿ."

ಮಾಯಮ್ಮ ಮಣೆಯಿಂದ ಎದ್ದು ನಿಂತಳು. ಅವ್ವ ನನ್ನನ್ನು ದುರುಗುಟ್ಟಿಕೊಂಡು ನೋಡಿದಳು. ಬೈಯುತ್ತಾಳೆ, ಅಳುತ್ತಾಳೆ ಅಂತ ಕಾದೆ. ಅವಳು ಕೇಳಿದ್ದೇ ಬೇರೆ.

"ಆ ಮಗೀನ ಕೇಳಿದ್ದೀಯೇನ್ಲಾ?"

ಅಯ್ಯೋ ಶಿವನೇ! ಊರಿಗೆಲ್ಲ ಸಾರಿದ್ದೆ, ಅವಳೊಬ್ಬಳಿಗೆ ಹೇಳಿರಲಿಲ್ಲ. ಹೆದರುತ್ತಾ ಐನೊ ಕಡೆ ನೋಡಿದೆ. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಕೆಲಸ ಕೆಟ್ಟಿತು ಅಂದುಕೊಂಡೆ. ಮೆಲ್ಲಗೆ ಕೈ ಕೆಳಗಿಳಿಸಿದಳು.

"ನಿನ್ನೆ ಯಾಕ್ ಹೇಳ್ಲಿಲ್ಲ? ಸಾರು ಚೆನ್ನಾಗೈತೆ ಅಂದ್ಯಲ್ಲ!"

"ಹೆದರಿಕೆ ಆಯ್ತು."

"ನಂಗೂ ಆಯ್ತು." ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ನೀನಿಲ್ದೆ ನಂಗೆ ಊಟ ಸೇರಲ್ಲ. ಅದಕ್ಕೇ ನಿಂಗೆ ಎಲೆ ಹಾಕ್ದೆ. ನೀನ್ ಸಾಯ್ಲಿ ಅಂತಲ್ಲ ಅವ್ವ, ದೇವರಾಣೆ, ಜೊತೇಲಿರ್ಲಿ ಅಂತ."

ಅವ್ವ ತಿರುಗಿ ಆ ಬ್ಯಾಗನ್ನು ನೋಡಿದಳು.

"ಮೂರ್ನೇದು ಬಾಕಿ ಐತೆ, ಕರಿಯವ್ವ, ಒತ್ತು ಮೀರ್ತದೆ" ಅಂತ ಅಜ್ಜಿ ಗದರಿದಳು.

ಐನೊ ಕರೆಯಲಿಲ್ಲ. ಹೊಸ್ತಿಲು ದಾಟಿ, ಜಗಲಿ ಇಳಿದು, ಅಷ್ಟು ಜನರ ನಡುವೆ ನೇರ ನನ್ನ ಹತ್ತಿರ ಬಂದಳು. ಬಂದವಳೇ ನನ್ನ ಕೈ ಹಿಡಿದುಕೊಂಡಳು. ಹಾಡುಹಗಲು, ನಡುಬೀದಿ! ಮಾಯಮ್ಮ "ಅಯ್ಯಯ್ಯಪ್ಪ" ಅಂದದ್ದು ಕೇಳಿಸಿತು. ಅವಳ ಅಂಗೈ ಬೆಚ್ಚಗಿತ್ತು. ಹಾಗೇ ಎಳೆದುಕೊಂಡು ಹೊರಟಳು.

ಅವ್ವ ಬಾಗಿಲಲ್ಲಿ ಅಡ್ಡ ನಿಂತಿದ್ದಳು, ಕದಲಲಿಲ್ಲ. ಮೂವರೂ ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತೆವು. ಐನೊ ನನ್ನ ಕೈ ಬಿಡದೆ ಹೊಸ್ತಿಲಿಗೆ ಕಾಲೆತ್ತಿದಳು.

"ಬಲಗಾಲು!" ಹಿಂದಿನಿಂದ ಅಜ್ಜಿ ಕೂಗಿದಳು. "ಬಲಗಾಲಿಟ್ಟು ಬಾರವ್ವ, ಎಡಗಾಲ್ ಇಟ್ಗಿಟ್ಟೀಯ!"

ಅದನ್ನು ಅವಳು ನನಗೆ ಹೇಳಿದ್ದಲ್ಲ. ಅವ್ವ ದಿಗ್ಭ್ರಮೆಯಿಂದ ಅತ್ತೆಯ ಮುಖ ನೋಡಿದಳು, ನನ್ನ ಮುಖ ನೋಡಿದಳು, ಕೊನೆಗೆ ಗಾಳಿಯಲ್ಲೇ ನಿಂತಿದ್ದ ಆ ಬಿಳಿ ಪಾದವನ್ನು ನೋಡಿದಳು. ಸೆರಗಿನಿಂದ ಮೂಗು ಒರೆಸಿಕೊಂಡು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು.

ಐನೊ ಎಡಗಾಲು ಇಳಿಸಿ, ಬಲಗಾಲಿಟ್ಟು ಒಳಗೆ ಹೋದಳು. ನಾನು ಅವಳ ಹಿಂದೆ ಹೋದೆ.