ಲ್ಯಾಬ್-ಹದಿನೇಳು, ಸೇಮ್ ಟು ಸೇಮ್

"ನಿಂತ್ಕಳಿ ಮೇಡಮ್ಮಾ! ಅಂಗೆಲ್ಲ ಎತ್ಕೊಂಡ್ ಓಗಂಗಿಲ್ಲ!"

ನಿಲ್ಲಲಿಲ್ಲ.

ಸಿಪಿಯು ಎದೆಗವಚಿಕೊಂಡು ಮೂರನೇ ಮಹಡಿಯಿಂದ ಇಳಿಯುತ್ತಿರುವವಳು ಒಮ್ಮೆ ನಿಂತರೆ ಮತ್ತೆ ಹೊರಡುವುದಿಲ್ಲ. ದುಪಟ್ಟಾ ಕಂಬಿಗೆ ಸಿಕ್ಕಿಕೊಂಡಿತು. ಹೊಸದು... ಹೋಗಲಿ!

ಹಿಂದೆ ಸೆಕ್ಯುರಿಟಿ ಮುನಿಗಂಗಪ್ಪ. ಮೇಲಿನಿಂದ ಕಾಲೇಜಿನ ಆಡಳಿತಾಧಿಕಾರಿ ಬಾಲರಾಜನ ಕೂಗು.

"ಬಿಡ್ಬೇಡ! ಕಳ್ಳಿ ಅವಳು!"

ನಾನು ಕಳ್ಳಿಯಲ್ಲ. ಫರ್ಹೀನ್. ಆರ್.ಟಿ. ನಗರದಲ್ಲಿ ನನ್ನದೂ ತಮ್ಮ ನಾಸಿರ್‌ನದೂ ಪುಟ್ಟ ಅಂಗಡಿ. ಕಂಪ್ಯೂಟರುಗಳು ಮುನಿಸಿಕೊಂಡಲ್ಲಿ ಸಂಧಾನಕ್ಕೆ ಹೋಗುವುದು ನಮ್ಮ ಕೆಲಸ.

ನಾವೇ ರಿಪೇರಿ ನೋಡಿಕೊಳ್ಳುವ ಸೋಲದೇವನಹಳ್ಳಿಯ ಈ ಕಾಲೇಜಿನಲ್ಲಿ ಪ್ರಶ್ನೆಪತ್ರಿಕೆ ಸೋರಿತ್ತು. ಗುರುವಾರ ಹನ್ನೊಂದೂ ನಲವತ್ತಕ್ಕೆ ಸರ್ವರಿನಿಂದ ಅದನ್ನು ತೆಗೆದ ಕಂಪ್ಯೂಟರಿನ ಹೆಸರು ಲ್ಯಾಬ್-ಹದಿನೇಳು. ಅದು ಲ್ಯಾಬ್ ಇನ್‌ಸ್ಟ್ರಕ್ಟರ್ ತೇಜಸ್ವಿನಿಯದು. ಇಡೀ ಸ್ಟಾಫಿಗೆ ಒಂದೇ ಪಾಸ್‌ವರ್ಡು. ಹಾಗಾಗಿ ಕಂಪ್ಯೂಟರಿನ ಹೆಸರೇ ಸಾಕ್ಷಿ!

ನಾಲ್ಕು ಗಂಟೆಗೆ ಅವಳನ್ನು ತೆಗೆದುಹಾಕುವ ಮೀಟಿಂಗು. ಕೆಲಸ ಬೇರೆ ಸಿಗುತ್ತದೆ. ಆದರೆ ಪೇಪರ್ ಕದ್ದವಳು ಎಂಬ ಹೆಸರು ಅಮೃತಹಳ್ಳಿಯ ಅವಳ ಮನೆವರೆಗೂ ಹಿಂದೆಯೇ ಬರುತ್ತದೆ.

ಮಧ್ಯಾಹ್ನ ಫೋನ್ ಮಾಡಿದ್ದಳು.

"ಮೇಡಂ, ಬುಧವಾರ ಸಂಜೆಯಿಂದ ನನ್ನ ಸಿಸ್ಟಮ್ ಲಾಗಿನ್ನೇ ಆಗ್ತಿಲ್ಲ. ಗುರುವಾರ ನಾನು ಹೆಂಗ್ ಕದೀಲಿ?"

"ಬಾಲರಾಜ್‌ಗೆ ಹೇಳಿದ್ರಾ?"

"ಹೇಳ್ದೆ. ಇವತ್ತೇ ಫಾರ್ಮ್ಯಾಟ್ ಹೊಡೆಸ್ತೀನಿ ಅಂದ್ರು."

ಫಾರ್ಮ್ಯಾಟ್! ಒಳಗಿನ ದಾಖಲೆಯೆಲ್ಲ ಸ್ವಾಹಾ. ಸ್ಕೂಟರ್ ಹತ್ತಿದೆ. ಲ್ಯಾಬಿಗೆ ನುಗ್ಗಿದೆ. ವೈರುಗಳನ್ನು ಕಿತ್ತೆ. ಓಡಿದೆ.

ಕೆಳಗೆ ಪ್ರಿನ್ಸಿಪಾಲರ ಬಾಗಿಲಿಗೆ ಅಡ್ಡವಾಗಿ ಬಾಲರಾಜ ನಿಂತಿದ್ದ. ಲಿಫ್ಟಿನಲ್ಲಿ ಬಂದಿದ್ದ, ಅಯೋಗ್ಯ.

"ಪೊಲೀಸ್ ಕರೀಲಾ?"

"ಕರೀರಿ. ಬರೋವಾಗ ಒಂದು ಪವರ್ ಕೇಬಲ್ ತರೋಕೆ ಹೇಳಿ. ಅವಸರದಲ್ಲಿ ಬಿಟ್ಟುಬಂದೆ."

ಬಾಗಿಲು ತೆರೆಯಿತು. ಪ್ರಿನ್ಸಿಪಾಲ್ ತ್ರಿವಿಕ್ರಮ.

"ಏನ್ರೀ ಇದು ಗಲಾಟೆ?"

ಸಂದಿಯಲ್ಲಿ ನುಸುಳಿದೆ. ಒಳಗೆ ತೇಜಸ್ವಿನಿ ಬ್ಯಾಗು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಪ್ರಿನ್ಸಿಪಾಲರ ಕಂಪ್ಯೂಟರಿನ ಕೇಬಲ್ಲುಗಳನ್ನೇ ಕಿತ್ತು ಇದಕ್ಕೆ ಹಾಕಿದೆ. ಲಾಗಿನ್ ಒತ್ತಿದೆ. ಪರದೆಯ ಮೇಲೆ ಒಂದೇ ಮಾತು... ಸರ್ವರ್‌ಗೂ ಈ ಕಂಪ್ಯೂಟರಿಗೂ ನಡುವಿನ ನಂಬಿಕೆ ಕಡಿದಿದೆ!

"ಅಂದ್ರೆ?" ಎಂದರು ತ್ರಿವಿಕ್ರಮ.

"ಒಂದು ಹೆಸರಿಗೆ ಒಂದೇ ಸೀಟು ಸರ್. ಪ್ರತಿ ಕಂಪ್ಯೂಟರಿಗೂ ಸರ್ವರ್‌ಗೂ ನಡುವೆ ಒಂದು ಗುಟ್ಟಿರುತ್ತೆ. ಅದೇ ಹೆಸರು ಹೊತ್ತು ನಕಲಿ ಬಂದು ಸೇರ್ಕೊಂಡ್ರೆ, ಸರ್ವರ್ ಅದಕ್ಕೆ ಹೊಸ ಗುಟ್ಟು ಕೊಡುತ್ತೆ. ಅಸಲಿ ಬೀದಿಗೆ!"

ನೆಟ್‌ವರ್ಕ್ ಬೇಡದ ನಮ್ಮ ರಿಪೇರಿ ಲಾಗಿನ್ನಿನಿಂದ ಒಳಹೊಕ್ಕು ದಾಖಲೆ ತೆರೆದೆ. ಬುಧವಾರ ಸಂಜೆ ಐದೂ ಹತ್ತರಿಂದ ಸಾಲುಸಾಲಾಗಿ ನಿರಾಕರಣೆ.

"ಗುರುವಾರ ಇದು ಸರ್ವರ್ ಮುಟ್ಟೇ ಇಲ್ಲ ಸರ್. ಕದ್ದಿದ್ದು ನಕಲಿ."

"ಆ ನಕಲಿ ಮಾಡಿದ್ದು ಯಾರು?"

ಬಾಲರಾಜ ನಕ್ಕ. "ಇವರ ಅಂಗಡಿಯವನೇ ಸರ್! ನಾಸಿರ್. ಬುಧವಾರ ಲ್ಯಾಬ್-ಹದಿನೇಳನ್ನೇ ಕಾಪಿ ಹೊಡೆದು ನನ್ನ ಹೊಸ ಸಿಸ್ಟಮ್ ಮಾಡಿಕೊಟ್ಟ. ಹೆಸರು ಬದಲಾಯಿಸೋಕೂ ಬರಲ್ಲ ಇವರಿಗೆ!"

ತಪ್ಪು ನಮ್ಮದೇ! ಆದರೆ... ನಕಲಿ ತನ್ನ ಮೇಜಿನ ಮೇಲಿದೆ ಎಂದು ಅವನೇ ಒದರಿದ್ದ.

ಫೋನ್ ಸ್ಪೀಕರಿಗೆ ಹಾಕಿದೆ.

"ನಾಸಿರ್, ಬಾಲರಾಜ್ ಸಿಸ್ಟಮ್‌ಗೆ ಹೆಸರು ಯಾಕೋ ಬದಲಾಯಿಸ್ಲಿಲ್ಲ, ಎಮ್ಮೆ?"

"ನಂಗೇನ್ ಬೈತೀಯಾ ಆಪಾ? ಸರ್ರನ್ನ ಕೇಳ್ದೆ. ವಾಯ್ಸ್ ಮೆಸೇಜಲ್ಲಿ ಬೇಡ ಅಂದ್ರು. ತಡಿ, ಕಳಿಸ್ತೀನಿ."

ಟಿಂಗ್!

ಒತ್ತಿದೆ. ಬಾಲರಾಜನ ದನಿ ಕೋಣೆ ತುಂಬಿತು.

"ಹೆಸರೂ ಮುಟ್ಬೇಡ ಮಗಾ! ಆ ಹುಡುಗಿ ಮಷಿನ್ ಹೆಂಗಿದ್ಯೋ ಹಂಗೇ ಇರ್ಬೇಕು. ಸೇಮ್ ಟು ಸೇಮ್!"



ತ್ರಿವಿಕ್ರಮ ಕನ್ನಡಕ ತೆಗೆದರು. "ನಿಮ್ಮ ಅಕ್ಕನ ಮಗ ಆ ಪೇಪರ್ ಬರೆಯೋ ಕ್ಲಾಸಲ್ಲೇ ಅಲ್ವೇನ್ರೀ ಇರೋದು?"

ಬಾಲರಾಜ ತೇಜಸ್ವಿನಿಯ ಕಡೆ ತಿರುಗಿದ. ಆ ಹುಡುಗಿ ಈಗ ಇದ್ದಕ್ಕಿದ್ದಂತೆ ಮೇಡಂ ಆದಳು!

"ಮೇಡಂ... ಟೆಕ್ನಿಕಲ್ ಎರರ್ ಅಂತ ಒಂದ್ ಲೆಟರ್ ಕೊಟ್ಬಿಡಿ. ನಾಳೆಯಿಂದ ನೀವೇ ಲ್ಯಾಬ್ ಇನ್‌ಚಾರ್ಜ್. ಎಸಿ ರೂಮು, ದೊಡ್ಡ ಟೇಬಲ್ಲು, ಎಲ್ಲಾ ನನಗಿರೋ ಹಂಗೇ."

ತೇಜಸ್ವಿನಿ ಎದ್ದಳು. ಬ್ಯಾಗು ಹೆಗಲಿಗೇರಿಸಿದಳು.

"ಬೇಡ ಸಾರ್. ಲೆಟರ್ ಕೊಡಲ್ಲ. ಕಂಪ್ಲೇಂಟ್ ಕೊಡ್ತೀನಿ. ನಡೆದಿದ್ದು ನಡೆದ ಹಂಗೇ... ಸೇಮ್ ಟು ಸೇಮ್!"