ಮಾರ್ಚ್ ತಿಂಗಳ ನೆರಳು

"ಈ ಮರ ಕಡಿದದ್ದು ಯಾರು?"

ಬೇಲಿಯ ಆಚೆ, ಹೊಸದಾಗಿ ಕಡಿದ ಸ್ಪ್ರೂಸ್ ಮರದ ಬುಡದ ಮೇಲೆ ಒಬ್ಬ ಗಂಡಸು ಕೂತು ಕಾಫಿ ಕುಡಿಯುತ್ತಿದ್ದ. ಅಗಲ ಭುಜ, ಗಾಳಿಗೆ ಕೆಂಪಾದ ಮುಖ, ಕಿವಿ ಮುಚ್ಚುವ ಟೋಪಿ. ಅವನು ಸೈಮಿಯನ್ನು ನೋಡಿದ. ಆಮೇಲೆ ತಾನು ಕೂತಿದ್ದ ಬುಡವನ್ನು ನೋಡಿದ.

"ನಾನೇ. ಯಾಕೆ?"

ಯಾಕೆ ಅಂತೆ... ಸೈಮಿ ತನ್ನ ಗಿಡಗಳ ಕಡೆ ತಿರುಗಿದಳು.

ಅವಳ ಕಡೆ ಹಿಮ ಇನ್ನೂ ಮೊಣಕಾಲುದ್ದ ಇತ್ತು. ಆ ಹಿಮದ ಮೇಲೆ ಮಾರ್ಚ್ ತಿಂಗಳ ಬಿಸಿಲು ಕಣ್ಣಿಗೆ ಚುಚ್ಚುವಂತೆ ಬಿದ್ದಿತ್ತು. ಇಷ್ಟು ವರ್ಷ ಆ ಬಿಸಿಲು ಅಲ್ಲಿಗೆ ಬಂದದ್ದೇ ಇಲ್ಲ. ಪಕ್ಕದ ಜಾಗದ ದೊಡ್ಡ ಸ್ಪ್ರೂಸ್ ಅದನ್ನು ತಡೆದು ನಿಲ್ಲಿಸುತ್ತಿತ್ತು. ಈಗ ಮರ ಇಲ್ಲ. ಬೇಲಿಗುಂಟ ಸಾಲಾಗಿ ನಿಂತಿದ್ದ ಅವಳ ರೋಡೋಡೆಂಡ್ರಾನ್ ಹೂಗಿಡಗಳ ಎಲೆಗಳು ಬೀಡಿಯಂತೆ ಸುರುಳಿ ಸುತ್ತಿ, ಬಿಸಿಲಿನ ಕಡೆಗೆ ಸುಟ್ಟ ಕಾಗದದ ಬಣ್ಣಕ್ಕೆ ತಿರುಗಿದ್ದವು.

"ನೀವು ನನ್ನ ಗಿಡಗಳನ್ನ ಕೊಂದಿದ್ದೀರಿ," ಅಂದಳು.

"ಬಿಸಿಲು ಬಂದ್ರೆ ಗಿಡಕ್ಕೆ ಒಳ್ಳೇದಲ್ವಾ?"

"ನೆಲ ನೋಡಿ. ಕಲ್ಲಿನ ಹಾಗೆ ಹೆಪ್ಪುಗಟ್ಟಿದೆ. ಇವು ಎಲೆ ಉದುರಿಸದ ಗಿಡ. ಬಿಸಿಲು ಬಿದ್ದ ತಕ್ಷಣ ಎಲೆ ನೀರು ಕೇಳತ್ತೆ. ಬೇರು ಎಲ್ಲಿಂದ ತರಬೇಕು? ಕಾಲ ಕೆಳಗೆ ಇಷ್ಟೊಂದು ಹಿಮ ಇಟ್ಕೊಂಡು ಬಾಯಾರಿ ಸಾಯ್ತವೆ."

ಅವನು ಕಾಫಿ ಲೋಟ ಕೆಳಗಿಟ್ಟ. "ಮರ ಒಳಗೆ ಟೊಳ್ಳಾಗಿತ್ತು. ಗಾಳಿಗೆ ಬಿದ್ದಿದ್ರೆ ನಿಮ್ಮ ಮನೆ ಮೇಲೇ ಬೀಳ್ತಿತ್ತು."

"ನಿಮಗೆ ಆಲೂಗಡ್ಡೆ ಬೆಳೆಯೋಕೆ ಬಿಸಿಲು ಬೇಕಿತ್ತು ಅಂತ ನೇರವಾಗಿ ಹೇಳಿ."

ಹಾಗೆ ಹೇಳಿ ಸೈಮಿ ತಿರುಗಿ ಹೊರಟೇಬಿಟ್ಟಳು. ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ದೂರದ ಉತ್ತರದ ಕಡಲ ತೀರದ ಔಲು ಊರಿನ ಅಂಚಿನ ಆ ತೋಟಗಳಲ್ಲಿ ಒಬ್ಬೊಬ್ಬರಿಗೆ ಒಂದು ತುಂಡು ಜಾಗ, ಅದರಲ್ಲಿ ಬೇಸಿಗೆ ಕಳೆಯಲು ಒಂದು ಪುಟ್ಟ ಮರದ ಮನೆ. ವಾರವಿಡೀ ಹಳ್ಳಿ ಹಳ್ಳಿಗೆ ಗ್ರಂಥಾಲಯದ ಪುಸ್ತಕದ ಬಸ್ಸು ಓಡಿಸುವ ಸೈಮಿಗೆ ಆ ಜಾಗವೇ ಜೀವ. ಇಷ್ಟು ಉತ್ತರಕ್ಕೆ ರೋಡೋಡೆಂಡ್ರಾನ್ ಬದುಕುವುದಿಲ್ಲ ಎಂದು ಎಲ್ಲರೂ ನಕ್ಕಿದ್ದರು. ಅವಳ ಗಂಡ ರೈಮೊ ಕೂಡ ನಕ್ಕಿದ್ದ. ರೈಮೊ ಬಿಟ್ಟು ಹೋದ ವರ್ಷವೇ ಅವಳು ಬಿಳಿ ಹೂವಿನ ಗಿಡಕ್ಕೆ ಕೆಂಪು ಹೂವಿನ ಪರಾಗ ಮುಟ್ಟಿಸಿ, ಧೂಳಿನಂಥ ಬೀಜ ತೆಗೆದು, ಅಡುಗೆಮನೆಯ ಕಿಟಕಿಯಲ್ಲಿ ಬಿತ್ತಿದ್ದಳು. ಮೊಳೆತ ಸಸಿಗಳನ್ನು ಒಂದೊಂದು ಚಳಿಗಾಲವೂ ಒಂದಿಷ್ಟು ತಿಂದಿತು. ಕೊನೆಗೆ ಉಳಿದದ್ದು ಒಂದೇ. ಅದು ಎಷ್ಟೋ ವರ್ಷ ಬರೀ ಎಲೆ ಬಿಟ್ಟುಕೊಂಡು ನಿಂತಿತ್ತು. ಕಳೆದ ಶರತ್ಕಾಲದಲ್ಲಿ ಅದರ ತುದಿಯಲ್ಲಿ ಪುಟ್ಟ ಬುಗುರಿಯಂಥ ಮೊಗ್ಗು ಮೊದಲ ಸಲ ಕಂಡಿತ್ತು.

ಅದರ ಹೂವಿನ ಬಣ್ಣ ಏನು ಎಂದು ಜಗತ್ತಿನಲ್ಲಿ ಯಾರಿಗೂ ಗೊತ್ತಿಲ್ಲ... ನನಗೂ ಇನ್ನು ಗೊತ್ತಾಗುವುದಿಲ್ಲ, ಎಂದುಕೊಂಡು ಅಂದು ಅವಳು ಅತ್ತಳು.

ಮರುದಿನ ನೆರಳಿಗೆ ಬಟ್ಟೆ ಹೊತ್ತುಕೊಂಡು ಬಂದರೆ, ಬೇಲಿಯುದ್ದಕ್ಕೂ ಆಗಲೇ ಕಂಬ ನಿಂತಿದ್ದವು. ಕಂಬದಿಂದ ಕಂಬಕ್ಕೆ ಹಡಗಿನ ದಪ್ಪ ಟಾರ್ಪಾಲು ಬಿಗಿದಿತ್ತು. ಗಿಡಗಳೆಲ್ಲ ನೆರಳಿನಲ್ಲಿದ್ದವು.

ಆ ಗಂಡಸು ಎರಡು ಕೈಯಲ್ಲೂ ಬಕೆಟ್ಟು ಹಿಡಿದುಕೊಂಡು ಬಂದ.

"ಉಗುರುಬೆಚ್ಚಗಿನ ನೀರು. ಬೇರಿನ ಹತ್ರ ಹಾಕಿದ್ರೆ ನೆಲ ಸ್ವಲ್ಪ ಬಿಡತ್ತೆ ಅಂತ ತೋಟದ ಸಂಘದ ಹಿಲ್ಕಾ ಅಜ್ಜಿ ಹೇಳಿದ್ರು. ಸುರೀಲಾ?"

ಸೈಮಿ ಬೇಲಿಯ ಬಾಗಿಲು ತೆಗೆದಳು.

ಅವನ ಹೆಸರು ತಾರ್ಮೊ. ಮಂಜುಗಡ್ಡೆ ಒಡೆಯುವ ಹಡಗಿನಲ್ಲಿ ಎಂಜಿನ್ ನೋಡಿಕೊಳ್ಳುವವನು. ಕಡಲು ಹೆಪ್ಪುಗಟ್ಟಿದಾಗ ಅವನಿಗೆ ಕೆಲಸ, ಕರಗಿದಾಗ ಬಿಡುವು. ಚಳಿಗಾಲದ ನಡುವೆ ಸಿಕ್ಕ ರಜೆಯಲ್ಲಿ ಈ ಜಾಗ ಕೊಂಡು, ಮೊದಲ ಕೆಲಸ ಎಂದು ಆ ಮರವನ್ನೇ ಕಡಿದಿದ್ದ.

ಮೇ ತಿಂಗಳಲ್ಲಿ ಸೈಮಿ ಆ ಒಂಟಿ ಮೊಗ್ಗನ್ನು ಉಗುರಿನಿಂದ ಸೀಳಿ ನೋಡಿದಳು. ಒಳಗೆಲ್ಲ ಕಪ್ಪು.

ತಾರ್ಮೊ ಪಕ್ಕದಲ್ಲೇ ನಿಂತಿದ್ದ. ತೇವದ ನೆಲದ ಮೇಲೆ ಅವಳ ಪಕ್ಕ ಕೂತ, ಅವಳು ಏಳುವವರೆಗೂ ಕೂತೇ ಇದ್ದ.

"ಮರ ನಿಜವಾಗ್ಲೂ ಟೊಳ್ಳಾಗಿತ್ತಾ?" ಕೊನೆಗೆ ಕೇಳಿದಳು.

"ಕೈ ಹಾಕಿ ನೋಡಿ."

ಅವಳು ಹೋಗಿ ಬುಡದ ನಡುವೆ ಕೈ ಹಾಕಿದಳು. ಮೊಣಕೈವರೆಗೂ ಒಳಗೆ ಹೋಯಿತು.

"ಕ್ಷಮಿಸಿ," ಅಂದಳು.

"ನಾನು ಕಡಿಯೋ ಮೊದಲು ನಿಮ್ಮನ್ನ ಕೇಳಬೇಕಿತ್ತು," ಅಂದ. "ಅದಕ್ಕೆ ನೀವೂ ಕ್ಷಮಿಸಿ."

ಗಿಡ ಸಾಯಲಿಲ್ಲ. ಸುಟ್ಟ ರೆಂಬೆ ಕತ್ತರಿಸಿದ ಕಡೆಯೆಲ್ಲ ಹೊಸ ಚಿಗುರು ಬಂತು. ಅಷ್ಟರಲ್ಲಿ ಸೈಮಿಯ ದಿನಗಳಲ್ಲೂ ಏನೋ ಬದಲಾಗಿತ್ತು. ಕೆಲಸ ಮುಗಿದ ಕೂಡಲೇ ಬಸ್ಸು ನಿಲ್ಲಿಸಿ ತೋಟಕ್ಕೆ ಓಡುತ್ತಿದ್ದಳು. ಗಿಡ ನೋಡೋದಕ್ಕೆ... ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಒಂದು ಸಂಜೆ ತಾರ್ಮೊ ಸೌನಾ ಎಂಬ ಹಬೆಸ್ನಾನದ ಕೋಣೆಯ ಒಲೆಯಿಂದ ಒಂದು ಬಕೆಟ್ಟು ಬೂದಿ ತಂದು, ಹೆಮ್ಮೆಯಿಂದ ಗಿಡದ ಬುಡಕ್ಕೆ ಸುರಿಯಲು ಬಗ್ಗಿದ.

"ಬೇಡ, ಬೇಡ, ನಿಲ್ಲಿ!" ಸೈಮಿ ಓಡಿ ಬಂದು ಬಕೆಟ್ಟು ಹಿಡಿದುಕೊಂಡಳು. "ಬೂದಿ ಇದಕ್ಕೆ ವಿಷ. ಇದಕ್ಕೆ ಹುಳಿ ಮಣ್ಣು ಬೇಕು. ಮೊದಲು ಮರ ಕಡಿದ್ರಿ, ಈಗ ವಿಷ ಹಾಕ್ತೀರಿ. ನಿಮಗೂ ನನ್ನ ಗಿಡಕ್ಕೂ ಹೋದ ಜನ್ಮದ ಹಗೆನಾ?"

"ಎಂಜಿನ್ನಿಗೆ ಎಣ್ಣೆ ಹಾಕಿದ್ರೆ ಸಾಕು, ಅದು ಹುಳಿನಾ ಸಿಹಿನಾ ಅಂತ ಕೇಳಲ್ಲ," ಎಂದು ಅವನು ಗೊಣಗಿದ.

ಸೈಮಿಗೆ ನಗು ತಡೆಯಲಾಗಲಿಲ್ಲ. ಮರುದಿನ ಅವನು ಕಾಡಿನಿಂದ ಪೈನ್ ಮರದ ಉದುರೆಲೆಯನ್ನು ಮೂಟೆ ಮೂಟೆ ಹೊತ್ತು ತಂದ. ಬೇರು ಮುಚ್ಚಲು ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಇಬ್ಬರೂ ಮಂಡಿಯೂರಿ ಕೂತು ಹರಡಿದರು. ಒಮ್ಮೆ ಕೈಗೆ ಕೈ ತಾಗಿತು. ಇಬ್ಬರೂ ತಾಗದವರಂತೆ ಕೆಲಸ ಮುಂದುವರಿಸಿದರು.

ತೋಟದ ಸಂಘದ ಯಜಮಾನಿಕೆ ಹಿಲ್ಕಾ ಅಜ್ಜಿಯದು. ಎಲ್ಲರ ಸುದ್ದಿಯೂ ಅವಳಿಗೆ ಬೇಕು. ಬೇಲಿಯ ಆಚೆಯಿಂದ ಇಣುಕಿ, "ಇಬ್ಬರೂ ನಲವತ್ತು ದಾಟಿದೀರ, ಇನ್ನೂ ಮಣ್ಣಿನ ವಿಷಯಾನೇ ಮಾತಾಡ್ತಿದೀರಲ್ಲ. ನನ್ನ ಮದುವೆ ಇಷ್ಟು ಹೊತ್ತಲ್ಲಿ ಆಗಿಹೋಗಿತ್ತು," ಅಂದಳು.

ಸೈಮಿಯ ಮುಖ ಕೆಂಪಾಯಿತು. ತಾರ್ಮೊ ಮೂಟೆಯೊಳಗೆ ತಲೆ ಹಾಕಿ ಏನೋ ಹುಡುಕುವವನಂತೆ ನಟಿಸಿದ.

ಸೆಪ್ಟೆಂಬರಿನಲ್ಲಿ ಅವಳ ಗಿಡದ ಚಿಗುರುಗಳ ತುದಿಯಲ್ಲಿ ಮತ್ತೆ ಮೊಗ್ಗು ಕಂಡವು. ಈ ಸಲ ಒಂದಲ್ಲ, ಹಲವು. ಸೈಮಿ ಮೊದಲು ಓಡಿದ್ದು ತಾರ್ಮೊನ ಮನೆಗೆ. ಅವನು ಹೊರಗೆ ಅಳತೆ ಪಟ್ಟಿ ಹಿಡಿದು ನಿಂತಿದ್ದ. ಜೊತೆಗೆ ಒಬ್ಬ ಅಪರಿಚಿತ ಮನೆಯ ಸುತ್ತ ತಿರುಗುತ್ತಾ, ತಳದ ತೊಲೆಗಳನ್ನು ತಟ್ಟಿ ನೋಡುತ್ತಿದ್ದ. ಸೈಮಿಯನ್ನು ಕಂಡು ತಾರ್ಮೊ ಅಳತೆ ಪಟ್ಟಿಯನ್ನು ಬೆನ್ನ ಹಿಂದೆ ಸರಿಸಿದ.

ಅವಳು ಏನೂ ಕೇಳದೆ ಹಿಂತಿರುಗಿದಳು. ಉತ್ತರ ಹಿಲ್ಕಾ ಅಜ್ಜಿಯಿಂದ ಸಿಕ್ಕಿತು.

"ಅವನು ಮನೆಯನ್ನೇ ಎತ್ತಿ ಸಾಗಿಸ್ತಾನಂತೆ ಕಣೇ. ಸಂಘದ ಅಪ್ಪಣೆ ಕೇಳಿದಾನೆ. ಯಾಕೆ, ನಿನ್ನ ಹತ್ರ ಏನೂ ಹೇಳಿಲ್ವಾ? ಹಾಗಾದ್ರೆ ನಾನೂ ಹೇಳಲ್ಲಪ್ಪ. ಅವನ ಬಾಯಿಂದಲೇ ಕೇಳು."

ಸೈಮಿಗೆ ಮುಂದೆ ಏನೂ ಕೇಳಿಸಲಿಲ್ಲ.

ಹೋಗ್ತಾನೆ. ಮನೆಯನ್ನೂ ಕಿತ್ತುಕೊಂಡು ಹೋಗ್ತಾನೆ... ಗಿಡಕ್ಕೆ ನೀರು ಹೊತ್ತದ್ದು ತಪ್ಪು ತೀರಿಸೋದಕ್ಕೆ ಮಾತ್ರ. ಗಿಡ ಚಿಗುರಿತು, ಲೆಕ್ಕ ಚುಕ್ತಾ. ಅದರಲ್ಲಿ ನಾನು ಏನೇನೋ ಕನಸು ಕಟ್ಟಿಕೊಂಡೆನಲ್ಲ!

ರೈಮೊ ಹೋದಾಗ ಅವಳು ಬೇಡಿಕೊಂಡಿದ್ದಳು. ಈ ಸಲ ಬೇಡುವುದಿಲ್ಲ ಎಂದು ನಿರ್ಧರಿಸಿದಳು. ತಾರ್ಮೊ ಇಲ್ಲದ ಹೊತ್ತು ನೋಡಿ ತೋಟಕ್ಕೆ ಬಂದಳು. ಎದುರಾದರೆ ಹವಾಮಾನದ ಮಾತಾಡಿದಳು. ಅವನು ಬಾಯಿ ತೆರೆದಾಗೆಲ್ಲ ಅವಳಿಗೆ ಒಲೆಯ ಮೇಲೆ ಏನೋ ಇಟ್ಟದ್ದು ನೆನಪಾಗುತ್ತಿತ್ತು.

ಡಿಸೆಂಬರಿನಲ್ಲಿ ಕಡಲು ಹೆಪ್ಪುಗಟ್ಟಿತು. ಹಡಗಿಗೆ ಹೊರಡುವ ಮೊದಲು ತಾರ್ಮೊ ಊರೊಳಗಿನ ಅವಳ ಮನೆಗೇ ಬಂದ. ಅವಳು ಬಾಗಿಲು ಅರ್ಧ ಮಾತ್ರ ತೆಗೆದಳು.

"ಒಂದು ವಿಷಯ ಕೇಳಬೇಕಿತ್ತು," ಅಂದ. ಟೋಪಿಯನ್ನು ಕೈಯಲ್ಲಿ ಹಿಂಡುತ್ತಿದ್ದ. "ನನ್ನ ತೋಟದ ಮನೆ ವಿಷಯ. ನೀವು ಒಪ್ಪಿದ್ರೆ ಮಾತ್ರ..."

"ಗೊತ್ತು. ಹಿಲ್ಕಾ ಅಜ್ಜಿ ಹೇಳಿದ್ರು."

"ಹೇಳಿದ್ರಾ? ನಾನೇ ಹೇಳಬೇಕು ಅಂತಿದ್ದೆ."

"ನಿಮ್ಮ ಮನೆ, ನಿಮ್ಮಿಷ್ಟ. ಏನು ಬೇಕಾದ್ರೂ ಮಾಡ್ಕೊಳ್ಳಿ."

"ನಿಜವಾಗ್ಲೂ? ನಿಮಗೆ ಬೇಜಾರಿಲ್ವಾ?"

"ನನಗ್ಯಾಕೆ ಬೇಜಾರು?"

ಅವನ ಮುಖ ಅರಳಿತು. ಅದನ್ನು ನೋಡಿ ಅವಳ ಎದೆ ಒಡೆದುಹೋಯಿತು. ಹೋಗಲು ಇಷ್ಟು ಸಂತೋಷವಾ? ಅವಳು ಬಾಗಿಲು ಮುಚ್ಚಿದಳು.

ಆ ಚಳಿಗಾಲ ಮುಗಿಯುವಂತೆಯೇ ಕಾಣಲಿಲ್ಲ. ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುವ ಕೆಲಸ. ಹಡಗಿನಿಂದ ಅವನು ಒಮ್ಮೊಮ್ಮೆ ಫೋಟೊ ಕಳಿಸುತ್ತಿದ್ದ: ಬಿರುಕು ಬಿಟ್ಟ ಮಂಜುಗಡ್ಡೆ, ಗುಲಾಬಿ ಬಣ್ಣದ ಆಕಾಶ, ಎಣ್ಣೆ ಮೆತ್ತಿದ ಅವನ ಹೆಬ್ಬೆರಳು. 'ಗಿಡ ಹೇಗಿದೆ?' ಎಂದು ಕೇಳುತ್ತಿದ್ದ. ಅವಳು 'ಹಿಮದಡಿ ಇದೆ' ಎಂದಷ್ಟೇ ಬರೆಯುತ್ತಿದ್ದಳು.

ಮಾರ್ಚ್ ಬಂತು. ಬಿಸಿಲು ಚುರುಕಾದ ಮೊದಲ ಶನಿವಾರ ಬೆಳಿಗ್ಗೆ ಅವಳು ನೆರಳಿನ ಬಟ್ಟೆ ಹೊತ್ತು ತೋಟಕ್ಕೆ ನಡೆದಳು. ದೂರದಿಂದಲೇ ಟ್ರ್ಯಾಕ್ಟರಿನ ಸದ್ದು ಕೇಳಿಸಿತು.

ತಾರ್ಮೊನ ಮನೆ ನೆಲ ಬಿಟ್ಟು ಎದ್ದಿತ್ತು. ಅದರ ಕೆಳಗೆ ಎರಡು ಉದ್ದ ಮರದ ದಿಮ್ಮಿ, ಜಾರುಬಂಡಿಯ ಹಾಗೆ. ಹಗ್ಗ, ಸರಪಳಿ, ಹಡಗಿನ ಅವನ ಸಂಗಡಿಗರು. ಗಟ್ಟಿ ಹಿಮದ ಮೇಲೆ ಮನೆ ಕಿರುಗುಟ್ಟುತ್ತಾ ಸರಿಯುತ್ತಿತ್ತು. ಹಿಲ್ಕಾ ಅಜ್ಜಿ ಕುರ್ಚಿ ಹಾಕಿಸಿಕೊಂಡು, ಕಂಬಳಿ ಹೊದ್ದು ನೋಡುತ್ತಿದ್ದಳು.

ಸೈಮಿ ಬಟ್ಟೆಯ ಗಂಟನ್ನು ಅಲ್ಲೇ ಬಿಟ್ಟಳು. ಬೇಡಿಕೊಳ್ಳಬಾರದು ಎಂದು ಮಾಡಿದ್ದ ನಿರ್ಧಾರ ಎಲ್ಲಿ ಹೋಯಿತೋ. ಹಿಮದಲ್ಲಿ ಹೂತುಹೋಗುತ್ತಾ, ಎದ್ದು, ಟ್ರ್ಯಾಕ್ಟರಿನ ಮುಂದೆ ಹೋಗಿ ನಿಂತಳು.

"ನಿಲ್ಲಿಸಿ!"

ಎಂಜಿನ್ ನಿಂತಿತು. ತಾರ್ಮೊ ಹಗ್ಗ ಬಿಟ್ಟು ಓಡಿ ಬಂದ.

"ಏನಾಯ್ತು? ಗಿಡಕ್ಕೇನಾದ್ರೂ..."

"ಗಿಡದ ಮಾತು ಬೇಡ. ನೀವು ಹೋಗೋದು ನನಗೆ ಬೇಜಾರು. ತುಂಬಾ ಬೇಜಾರು. ಡಿಸೆಂಬರಿನಲ್ಲಿ ನಾನು ಸುಳ್ಳು ಹೇಳಿದೆ. ಅಷ್ಟು ಹೇಳಬೇಕಿತ್ತು, ಹೇಳಿದೆ. ಈಗ ಬೇಕಾದ್ರೆ ತಗೊಂಡು ಹೋಗಿ."

ತಾರ್ಮೊ ಕಣ್ಣು ಮಿಟುಕಿಸಿದ. "ಎಲ್ಲಿಗೆ?"

"ಎಲ್ಲಿಗೋ. ನನಗೇನು ಗೊತ್ತು ಎಲ್ಲಿಗೆ ಅಂತ."

"ಇಲ್ಲಿಗೆ," ಅಂದ ಅವನು, ಬೇಲಿಯ ಪಕ್ಕ ಹಿಮ ತೆಗೆದು ಸಿದ್ಧಮಾಡಿದ್ದ ಜಾಗ ತೋರಿಸುತ್ತಾ. "ಹಳೇ ಮರ ಇದ್ದಲ್ಲಿಗೆ. ಅಷ್ಟೇ ದೂರ."

ಸೈಮಿಗೆ ಅರ್ಥವಾಗಲಿಲ್ಲ. ಆ ಜಾಗವನ್ನು ನೋಡಿದಳು, ಮನೆಯನ್ನು ನೋಡಿದಳು. ಆಮೇಲೆ ಬಿಸಿಲು ಬರುವ ದಿಕ್ಕನ್ನೂ, ಬೇಲಿಯ ಈಚೆ ಸುರುಳಿ ಸುತ್ತಿ ನಿಂತ ತನ್ನ ಗಿಡಗಳನ್ನೂ ನೋಡಿದಳು.

"ಹೊಸ ಮರ ನೆಟ್ರೆ ದೊಡ್ಡದಾಗೋ ಹೊತ್ತಿಗೆ ನಾವಿಬ್ರೂ ಮುದುಕರಾಗಿರ್ತೀವಿ," ಅಂದ ತಾರ್ಮೊ. "ಟಾರ್ಪಾಲು ಗಾಳಿಗೆ ಹರಿಯತ್ತೆ. ಮಾರ್ಚಿನಲ್ಲಿ ಹೀಗೆ ಒಂದೆರಡು ದಿನದ ರಜೆ ಬಿಟ್ರೆ ನಾನು ಕಡಲ ಮೇಲಿರ್ತೀನಿ, ಬಂದು ಕಟ್ಟೋಕಾಗಲ್ಲ. ನಾನಿಲ್ಲದಿದ್ರೂ ನನ್ನ ಮನೆ ನೆರಳಾದ್ರೂ ನಿಮ್ಮ ಹತ್ರ ಇರಲಿ ಅಂತ..."

ಇಷ್ಟು ಉದ್ದ ಮಾತಾಡಿ ಅವನಿಗೆ ಅಭ್ಯಾಸವಿರಲಿಲ್ಲ.

"ಬೇಲಿಗೆ ಇಷ್ಟು ಹತ್ರ ಮನೆ ತರಬೇಕಾದ್ರೆ ಪಕ್ಕದವರು ಒಪ್ಪಬೇಕು, ಅದು ನಿಯಮ," ಹಿಲ್ಕಾ ಅಜ್ಜಿ ಕುರ್ಚಿಯಿಂದಲೇ ಕೂಗಿದಳು. "ನೀನೇ ಹೋಗಿ ಕೇಳು ಅಂದಿದ್ದೆ ಇವನಿಗೆ. ಕೇಳಿದೆ, ಒಪ್ಪಿದ್ಲು ಅಂದ."

"ನಿಮ್ಮಿಷ್ಟ, ಏನು ಬೇಕಾದ್ರೂ ಮಾಡ್ಕೊಳ್ಳಿ ಅಂದ್ರಲ್ಲ," ಅಂದ ತಾರ್ಮೊ ಅಳುಕುತ್ತಾ. "ಒಪ್ಪಿಗೆ ಅಲ್ವಾ ಅದು?"

ಸೈಮಿ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಾರ್ಮೊಗೆ ತಿಳಿಯಲಿಲ್ಲ. ಅವಳಿಗೂ ತಿಳಿದಿರಲಿಲ್ಲ.

"ಅಳತೆ ಪಟ್ಟಿ ಯಾಕೆ ಮುಚ್ಚಿಟ್ರಿ ಹಾಗಾದ್ರೆ?"

"ತಳದ ತೊಲೆ ಗಟ್ಟಿ ಇದೆಯೋ ಇಲ್ವೋ ಗೊತ್ತಿರಲಿಲ್ಲ. ಆಸೆ ತೋರಿಸಿ ಆಮೇಲೆ ಆಗಲ್ಲ ಅಂದ್ರೆ... ಒಂದು ಸಲ ನಿಮ್ಮ ಗಿಡ ಹಾಳು ಮಾಡಿದವನು ನಾನು."

ಟ್ರ್ಯಾಕ್ಟರಿನ ಮೇಲಿದ್ದವನು ಕೆಮ್ಮಿದ. "ಮನೆ ದಾರಿ ಮಧ್ಯೆ ನಿಂತಿದೆ, ತಾರ್ಮೊ. ಎಳೀಲಾ, ಬೇಡ್ವಾ?"

"ಎಳೀರಿ," ಅಂದಳು ಸೈಮಿ. ಕಣ್ಣೊರೆಸಿಕೊಂಡು, ಹೋಗಿ ತಾರ್ಮೊನ ಹಗ್ಗದ ತುದಿಯನ್ನು ತಾನೂ ಹಿಡಿದಳು.

ಮಧ್ಯಾಹ್ನದ ಹೊತ್ತಿಗೆ ಮನೆ ಹೊಸ ಜಾಗದಲ್ಲಿ ಕೂತಿತು. ಎಲ್ಲರನ್ನೂ ಹಿಲ್ಕಾ ಅಜ್ಜಿ ಮೀನಿನ ಸಾರಿಗೆ ಕರೆದುಕೊಂಡು ಹೋದಳು. "ನೀವಿಬ್ಬರು ನಿಧಾನವಾಗಿ ಬನ್ನಿ. ಬರದಿದ್ರೂ ಪರವಾಗಿಲ್ಲ," ಎಂದು ಹೇಳಿ ಹೋದಳು.

ನೆರಳು ಬೇಲಿ ದಾಟಿ, ಹಿಮದ ಮೇಲೆ ನೀಲಿಯಾಗಿ ಹರಡಿ, ಗಿಡಗಳನ್ನು ಪೂರ್ತಿ ಮುಚ್ಚಿತ್ತು. ಸೈಮಿ ಮತ್ತು ತಾರ್ಮೊ ಆ ನೆರಳಿನಲ್ಲೇ ನಿಂತಿದ್ದರು. ಚಳಿ ಕೊರೆಯುತ್ತಿತ್ತು, ಆದರೂ ಇಬ್ಬರೂ ಬಿಸಿಲಿಗೆ ಸರಿಯಲಿಲ್ಲ.

"ನನಗೂ ನೀವಂದ್ರೆ..." ತಾರ್ಮೊ ಶುರುಮಾಡಿದ. ಗಂಟಲು ಸರಿಮಾಡಿಕೊಂಡ. "ಬೂದಿ ಬಕೆಟ್ಟು ಕಿತ್ಕೊಂಡ್ರಲ್ಲ, ಆವತ್ತಿಂದ. ಹೇಳೋಕೆ ಬರಲಿಲ್ಲ."

"ಅದಕ್ಕೆ ಮನೆ ಎಳೆದ್ರಾ?"

"ಅದು ಸುಲಭ ಅನ್ನಿಸ್ತು."

ಸೈಮಿ ನಕ್ಕಳು. ಕೈಗವಸು ತೆಗೆದು ಅವನ ಕೈ ಹಿಡಿದಳು. ಗಟ್ಟಿಯಾದ, ಬಿಸಿಯಾದ ಕೈ.

"ಹಡಗಿಗೆ ಯಾವಾಗ ವಾಪಸ್ಸು?"

"ನಾಳೆ ಸಂಜೆ."

"ಹಾಗಾದ್ರೆ ನಾಳೆ ಮಧ್ಯಾಹ್ನ ಊಟಕ್ಕೆ ಬಾ."

ಅವನು ಅವಳ ಮುಖವನ್ನೇ ನೋಡಿದ. "ಏನಂದ್ರಿ?"

"ಬಾ ಅಂದೆ. ಎಂಜಿನ್ ಸದ್ದಲ್ಲಿ ಕಿವಿ ಹೋಗಿದೆಯಾ?"

"ಇಲ್ಲ, ಕೇಳಿಸ್ತು," ಅಂದ ತಾರ್ಮೊ. "ಇನ್ನೊಂದು ಸಲ ಕೇಳೋಣ ಅಂತ."

ಅವಳು ಅವನ ಕಿವಿ ಮುಚ್ಚಿದ್ದ ಟೋಪಿಯನ್ನು ಮೆಲ್ಲಗೆ ಎತ್ತಿ, ಹತ್ತಿರ ಬಾಗಿದಳು.

"ಬಾ," ಅಂದಳು.